ಆಫ್ರಿಕಾದ ಕೈ ಡ್ರಮ್‌ಗಳು: ಕಿವಿಯಲ್ಲಿ ಗುರುತು ಹಿಡಿಯುವುದು, ಕೈಯಲ್ಲಿ ನುಡಿಸುವುದು

ಬೆಂಗಳೂರಿನ ಯಾವುದಾದರೂ ಸಂಗೀತದ ಅಂಗಡಿಗೆ ಹೋಗಿ 'ಆಫ್ರಿಕನ್ ಡ್ರಮ್ ತೋರಿಸಿ' ಅನ್ನಿ. ಜೆಂಬೆಯನ್ನೇ ತಂದಿಡುತ್ತಾರೆ. ಕಾಲೇಜು ಫೆಸ್ಟ್, ಆಫೀಸಿನ ಡ್ರಮ್ ಸರ್ಕಲ್, ಸುಗಮ ಸಂಗೀತದ ವೇದಿಕೆ, ಎಲ್ಲ ಕಡೆ ಈಗ ಅದೇ. ಜೆಂಬೆ ಒಳ್ಳೆಯ ವಾದ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಫ್ರಿಕಾ ಅಂದರೆ 54 ದೇಶ. ಜೆಂಬೆ ಅದರಲ್ಲಿ ಮಾಲಿ, ಗಿನಿ ಮತ್ತು ಸುತ್ತಲಿನ ಮಾಂಡೆ ಜನರ ಊರುಗಳದ್ದು. ಅಲ್ಲಿಂದ ಘಾನಾಕ್ಕೆ ಬಂದರೆ ಡ್ರಮ್ಮೇ ಬೇರೆ, ಉಗಾಂಡಾಕ್ಕೆ ಹೋದರೆ ಇನ್ನೊಂದು, ಇಥಿಯೋಪಿಯಾದ ಚರ್ಚಿನೊಳಗೆ ಮತ್ತೊಂದು.

ಹೆಸರುಗಳ ಪಟ್ಟಿ ಬಾಯಿಪಾಠ ಮಾಡಿದರೆ ಇದು ತಲೆಗೆ ಹೋಗುವುದಿಲ್ಲ. ಕಿವಿಯಿಂದ ಶುರು ಮಾಡಿ, ನಡುವೆ ಕೈಗೂ ಸ್ವಲ್ಪ ಕೆಲಸ ಕೊಟ್ಟರೆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ನೀವು ಮೃದಂಗ, ತಬಲಾ ಕಲಿತವರಾಗಿದ್ದರೆ ಕೆಲವು ಕಡೆ ಬೇಗ ಮುಂದೆ ಹೋಗುತ್ತೀರಿ. ಕಲಿಯದಿದ್ದರೂ ತೊಂದರೆಯಿಲ್ಲ.

ಹೆಜ್ಜೆ 1: ಹೆಸರು ಬಿಡಿ, ನಾಲ್ಕು ಪ್ರಶ್ನೆ ಕೇಳಿ

ಒಂದು ರೆಕಾರ್ಡಿಂಗ್ ಹಾಕಿಕೊಳ್ಳಿ, ವಿಡಿಯೋ ಆದರೆ ಇನ್ನೂ ಒಳ್ಳೆಯದು. ಮೊದಲ ಪ್ರಶ್ನೆ: ಒಡಲಿನ ಆಕಾರ ಏನು? ಮೇಲೆ ಬಟ್ಟಲು, ಕೆಳಗೆ ಸಣ್ಣ ಕೊಳವೆ ಇದ್ದರೆ, ಚರ್ಮ ಅಷ್ಟೇನೂ ದೊಡ್ಡದಲ್ಲದಿದ್ದರೂ ಆಳವಾದ 'ಗುಮ್' ಹುಟ್ಟುತ್ತದೆ. ಪೀಪಾಯಿ ಆಕಾರವಾದರೆ ದನಿ ದುಂಡಗೆ, ಹೆಚ್ಚು ಕಡಿಮೆ ಸಮನಾಗಿ ಬರುತ್ತದೆ. ಉದ್ದ ಕೊಳವೆಯಾದರೆ ದನಿಗೆ ಒಂದು ಕೂಗು ಸೇರಿಕೊಳ್ಳುತ್ತದೆ.

ಎರಡನೆಯದು, ಚರ್ಮ. ಆಡಿನ ಚರ್ಮ ತೆಳು, ಚುರುಕು. ಬೆರಳು ತಾಗಿದ ಕೂಡಲೇ 'ಟಕ್' ಅನ್ನುತ್ತದೆ. ಹಸುವಿನ ಚರ್ಮ ದಪ್ಪ. ಅದರ ದನಿ ಬೆಚ್ಚಗಿರುತ್ತದೆ, ಮೇಲಿನ ಚೂಪು ಕಡಿಮೆ.

ಮೂರನೆಯದು, ಚರ್ಮವನ್ನು ಬಿಗಿ ಮಾಡಿರುವುದು ಹೇಗೆ: ಹಗ್ಗವೋ, ಮರದ ಗೂಟವೋ, ಸುಮ್ನೆ ಮೊಳೆ ಹೊಡೆದು ಕೂರಿಸಿದ್ದಾರೋ? ಹಗ್ಗದ್ದಾದರೆ ತುಂಬಾ ಮೇಲಿನ ಶ್ರುತಿಗೆ ಎಳೆಯಬಹುದು. ಮೊಳೆಯದ್ದಾದರೆ ಬಿಸಿಲಿಗೋ ಬೆಂಕಿಗೋ ಹಿಡಿದೇ ಹದಕ್ಕೆ ತರಬೇಕು, ನಮ್ಮ ತಮಟೆಯವರು ಹುಲ್ಲಿನ ಬೆಂಕಿಗೆ ಹಿಡಿಯುತ್ತಾರಲ್ಲ, ಹಾಗೆ.

ನಾಲ್ಕನೆಯದು, ಹೊಡೆಯುತ್ತಿರುವುದು ಏನು? ಎರಡೂ ಕೈಯೇ, ಒಂದು ಕೈ ಒಂದು ಕೋಲೇ, ಎರಡೂ ಕೋಲೇ? ಕಣ್ಣು ಮುಚ್ಚಿ ಕೇಳಿದರೂ ಇದು ಗೊತ್ತಾಗುತ್ತದೆ. ಕೋಲಿನ ಪೆಟ್ಟಿಗೆ ಶುರುವಿನಲ್ಲಿ ಒಂದು ಒಣ ಚೂಪು ಇರುತ್ತದೆ, ಅಂಗೈಗೆ ಅದು ಇರುವುದಿಲ್ಲ.

ಜೊತೆಗೆ ಒಂದು ವಿಷಯ. ದನಿಯ ಹಿಂದೆ 'ಜರ್ರ್' ಅಂತ ಏನೋ ಅದುರುವುದು ಕೇಳಿದರೆ ಡ್ರಮ್ ಹಾಳಾಗಿದೆ ಅಂದುಕೊಳ್ಳಬೇಡಿ. ಆಫ್ರಿಕಾದ ಅನೇಕ ಕಡೆ ಆ ಜರ್ರ್ ಬೇಕೆಂದೇ ಸೇರಿಸಿದ್ದು. ಮಾಲಿ, ಗಿನಿಯ ಕಡೆ ಜೆಂಬೆಯ ಅಂಚಿಗೆ ತಗಡಿನ ಹಾಳೆ ಸಿಕ್ಕಿಸಿ, ಅದರ ಸುತ್ತ ಸಣ್ಣ ಸಣ್ಣ ತಂತಿ ಬಳೆ ಪೋಣಿಸುತ್ತಾರೆ. ಹೊಡೆದಾಗಲೆಲ್ಲ ಅದು ಝಲ್ ಅನ್ನುತ್ತದೆ. ನುಣುಪಾದ ದನಿ ಅವರಿಗೆ ಸಪ್ಪೆ.

ಹೆಜ್ಜೆ 2: ಜೆಂಬೆಯ ಮೂರು ದನಿ

ಇಲ್ಲಿ ಸ್ವಲ್ಪ ನಿಲ್ಲೋಣ. ಜೆಂಬೆಯ ಮೂರು ದನಿ ಕಿವಿಗೆ ಕೂತರೆ ಮಿಕ್ಕ ಅರ್ಧ ಡ್ರಮ್‌ಗಳು ಅರ್ಥವಾದ ಹಾಗೆ.

ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ವಾದ್ಯ ಇದು. ಲೆಂಕೆ ಎಂಬ ಗಟ್ಟಿ ಮರಕ್ಕೆ ಬೆಲೆ ಜಾಸ್ತಿ. ಮಾಂಡೆ ಸಮಾಜದಲ್ಲಿ ಇದನ್ನು ಕೆತ್ತುವ ಕೆಲಸ ನುಮು ಎಂಬ ಕಮ್ಮಾರ ಕುಲದವರದ್ದು. ದೊಡ್ಡವರ ಜೆಂಬೆಯ ಮೇಲ್ಭಾಗದ ಅಗಲ 30ರಿಂದ 38 ಸೆಂಟಿಮೀಟರ್, ಎತ್ತರ ಸುಮಾರು 60 ಸೆಂಟಿಮೀಟರ್. ಹೊರಜಗತ್ತಿಗೆ ಇದು ಗೊತ್ತಾಗಿದ್ದು ತಡವಾಗಿ. ಗಿನಿಯ ಫೊಡೆಬಾ ಕೈತಾ 1952ರಲ್ಲಿ ಕಟ್ಟಿದ 'ಲೆ ಬ್ಯಾಲೆ ಆಫ್ರಿಕೇನ್' ನೃತ್ಯ ತಂಡ ಊರೂರು ತಿರುಗಿ ತೋರಿಸಿತು. 1958ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಅದೇ ದೇಶದ ರಾಷ್ಟ್ರೀಯ ತಂಡವಾಯಿತು. ಆಮೇಲೆ ಫಾಮುದು ಕೊನಾತೆ, ಮಮಾಡಿ ಕೈತಾ ಅವರಂಥ ಗುರುಗಳು ದೇಶ ದೇಶಗಳಲ್ಲಿ ಕಲಿಸಿದರು. ಇವರಿಬ್ಬರಲ್ಲಿ ಒಬ್ಬರ ನುಡಿಸಾಣಿಕೆ ಹುಡುಕಿ ಕೇಳಿ. ಆಮೇಲೆ ಮುಂದಕ್ಕೆ ಓದಿ.

ಕೂರುವುದು ಹೀಗೆ. ಕೈಯಿಲ್ಲದ ಕುರ್ಚಿಯ ತುದಿಯಲ್ಲಿ ಕೂರಿ. ಡ್ರಮ್ಮನ್ನು ತೊಡೆಗಳ ನಡುವೆ ಹಿಡಿದು ಮುಂದಕ್ಕೆ ವಾಲಿಸಿ, ಕೆಳಗಿನ ಬಾಯಿ ನೆಲಕ್ಕೆ ಮುಚ್ಚಿಕೊಳ್ಳಬಾರದು. ಯಾಕೆ ಅಂತ ಕೇಳಿದರೆ ಒಂದು ಪರೀಕ್ಷೆ ಮಾಡಿ: ಡ್ರಮ್ಮನ್ನು ನೆಟ್ಟಗೆ ಕಾರ್ಪೆಟ್ ಮೇಲೆ ಇಟ್ಟು ಮಧ್ಯಕ್ಕೆ ಹೊಡೆಯಿರಿ. ಆಮೇಲೆ ಎರಡು ಇಂಚು ಮೇಲೆತ್ತಿ ಹೊಡೆಯಿರಿ. ಮೊದಲನೆಯದು ಸತ್ತ ದನಿ, ಎರಡನೆಯದು ಹೊಟ್ಟೆಗೆ ತಾಗುವ 'ಗುಮ್'. ಕೆಳಸ್ವರ ಹುಟ್ಟುವುದು ಚರ್ಮದಿಂದ ಮಾತ್ರ ಅಲ್ಲ, ಬಟ್ಟಲಿನೊಳಗಿನ ಗಾಳಿ ಕೊಳವೆಯ ಮೂಲಕ ಒಳಗೆ ಹೊರಗೆ ಆಡುವುದರಿಂದ.

ಉಂಗುರ, ವಾಚು, ಬಳೆ ತೆಗೆದಿಡಿ. ಇದು ಸುಮ್ನೆ ಹೇಳುವ ಮಾತಲ್ಲ. ಉಂಗುರ ಇದ್ದರೆ ಬೆರಳಿಗೂ ಪೆಟ್ಟು, ಚರ್ಮಕ್ಕೂ ಪೆಟ್ಟು.

*ಬೇಸ್.* ಅಂಗೈಯನ್ನು ಚಪ್ಪಟೆಯಾಗಿ ಚರ್ಮದ ಮಧ್ಯಕ್ಕೆ ಬಿಡಿ, ತಾಗಿದ ಕೂಡಲೇ ಕೈ ತಾನಾಗಿ ಎದ್ದು ಬರಲಿ. ಒತ್ತಿ ಹಿಡಿದರೆ ದನಿ ಅಲ್ಲೇ ಉಸಿರು ಕಟ್ಟುತ್ತದೆ. ಭುಜದಿಂದ ಬಲ ಹಾಕಬೇಕಿಲ್ಲ, ಮುಂಗೈಯ ಭಾರ ಸಾಕು.

*ಟೋನ್.* ಕೈಯನ್ನು ಅಂಚಿಗೆ ತನ್ನಿ. ಬೆರಳುಗಳ ಬುಡದಲ್ಲಿ ಅಂಗೈಯ ಉಬ್ಬು ಇದೆಯಲ್ಲ, ಅದು ಡ್ರಮ್ಮಿನ ಅಂಚಿನ ಮೇಲೆ ಬರಬೇಕು. ನಾಲ್ಕೂ ಬೆರಳು ಒತ್ತಿಕೊಂಡಿರಲಿ, ಪೂರ್ತಿ ಉದ್ದಕ್ಕೂ ಚರ್ಮಕ್ಕೆ ಒಟ್ಟಿಗೆ ತಾಗಲಿ. ಹೆಬ್ಬೆರಳು ಹೊರಗೇ ಇರಲಿ, ಅಂಚಿಗೆ ಬಡಿದರೆ ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ. ದನಿ ದುಂಡಗೆ, ಸ್ಪಷ್ಟವಾಗಿ, ಒಂದು ಸ್ವರ ಹಿಡಿದು ಹಾಡುವ ಹಾಗಿರಬೇಕು.

*ಸ್ಲ್ಯಾಪ್.* ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ. ಜೋರಾಗಿ ಹೊಡೆದರೆ ಸ್ಲ್ಯಾಪ್ ಬರುತ್ತದೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಹೊಡೆಯುತ್ತಾರೆ, ಅಂಗೈ ಕೆಂಪಾಗುತ್ತದೆ, ದನಿ ಮಾತ್ರ ಜೋರಾದ ಟೋನ್ ಆಗಿಯೇ ಉಳಿಯುತ್ತದೆ. ಕೈ ಇರುವ ಜಾಗ ಟೋನಿನದ್ದೇ. ಬದಲಾಗುವುದು ಕೈಯ ಬಿಗಿ. ಬೆರಳುಗಳನ್ನು ಸಡಿಲ ಬಿಡಿ, ನಡುವೆ ಸ್ವಲ್ಪ ಸಂದು ಇರಲಿ, ಅಂಗೈ ಒಳಗೆ ಚೂರು ಗುಳಿ ಬೀಳಲಿ. ಈಗ ಕೈ ಬಿದ್ದಾಗ ಬೆರಳ ತುದಿಗಳು ಮಾತ್ರ ಚಾಟಿಯಂತೆ ಚರ್ಮಕ್ಕೆ ಬಡಿದು ಹಾರುತ್ತವೆ. ಚರ್ಮದ ದೊಡ್ಡ ಅಲುಗಾಟ ಅಲ್ಲೇ ಕಡಿದುಹೋಗಿ ಮೇಲಿನ ಸಣ್ಣ ಕಂಪನ ಮಾತ್ರ ಉಳಿಯುತ್ತದೆ. ಬರುವ ದನಿ 'ಟ್ಪಾ'. ಮೆಲ್ಲಗೆ ಹೊಡೆದಾಗಲೂ ಟೋನ್ ಬೇರೆ, ಸ್ಲ್ಯಾಪ್ ಬೇರೆ ಅಂತ ಪಕ್ಕದ ಕೋಣೆಯಲ್ಲಿರುವವರಿಗೆ ತಿಳಿದರೆ ನಿಮಗೆ ಸ್ಲ್ಯಾಪ್ ಬಂತು ಅಂತ ಅರ್ಥ.

ಅಂಕಿಯಲ್ಲಿ ಹೇಳುವುದಾದರೆ ಬೇಸ್ ಸುಮಾರು 65ರಿಂದ 80 ಹರ್ಟ್ಜ್, ಟೋನ್ 300ರಿಂದ 420, ಸ್ಲ್ಯಾಪ್ 700ರಿಂದ 1000. ಬೇಸಿಗೂ ಟೋನಿಗೂ ನಡುವೆ ಎಷ್ಟು ಅಂತರ ನೋಡಿ. ಒಂದೇ ಚರ್ಮದ ಮೇಲೆ ಇಷ್ಟು ದೂರದ ದನಿಗಳು ಸಿಗುವುದೇ ಜೆಂಬೆಯ ಹೆಗ್ಗಳಿಕೆ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇದ್ದರೆ ಟೋನನ್ನು ಅಳೆದು ನೋಡಬಹುದು.

ಹೆಜ್ಜೆ 3: ಬಾಯಲ್ಲಿ ಹೇಳಿ, ಆಮೇಲೆ ಹೊಡೆಯಿರಿ

ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಬಾಬಟುಂಡೆ ಒಲಾಟುಂಜಿ ಕಲಿಸುತ್ತಿದ್ದ ಬಾಯಿಪಾಠ ಒಂದಿದೆ. ಬೇಸಿಗೆ ಬಲಗೈ 'ಗುನ್', ಎಡಗೈ 'ದುನ್'. ಟೋನಿಗೆ ಬಲ 'ಗೊ', ಎಡ 'ದೊ'. ಸ್ಲ್ಯಾಪಿಗೆ ಬಲ 'ಪಾ', ಎಡ 'ತಾ'. ಆರೇ ಅಕ್ಷರ. ಸೊಲ್ಲುಕಟ್ಟು, ಅಂದರೆ ಮೃದಂಗದ ಬಾಯಿಪಾಠ, ಗೊತ್ತಿದ್ದವರಿಗೆ ಇದು ಐದು ನಿಮಿಷದ ಕೆಲಸ.

ಮೊದಲ ಅಭ್ಯಾಸಕ್ಕೆ ಎಂಟು ಎಣಿಕೆ ತೆಗೆದುಕೊಳ್ಳಿ. ಬಾಯಲ್ಲಿ 'ತಕಿಟ ತಕಿಟ ತಕ' ಹೇಳುತ್ತಾ ಇರಿ. ಮೊದಲ ತಕಿಟದ 'ತ'ಕ್ಕೆ ಗುನ್, ಎರಡನೆಯ ತಕಿಟದ 'ತ'ಕ್ಕೆ ತಾ, ಕೊನೆಯ 'ತಕ' ಎರಡಕ್ಕೂ ಗೊ ದೊ.

ಗುನ್ – – ತಾ – – ಗೊ ದೊ

ಕೈಗಳು ಬಲ, ಎಡ, ಬಲ, ಎಡ ಅಂತ ತಾವಾಗಿ ಬದಲಾಗುತ್ತವೆ. ನಿಧಾನವಾಗಿ ನುಡಿಸಿ. ವೇಗ ಬಂದಾಗ ಮೊದಲು ಕೆಡುವುದು ಟೋನು, ಎರಡು ಟೋನಿನಲ್ಲಿ ಒಂದು ಸ್ಲ್ಯಾಪಿನ ಕಡೆ ಜಾರುತ್ತದೆ. ಜಾರಿದ ಕೂಡಲೇ ವೇಗ ಇಳಿಸಿ.

ಜೆಂಬೆ ಸಿಗುವ ತನಕ ತೊಡೆಯ ಮೇಲೆ ಮಾಡಬಹುದು. ದನಿ ಬರುವುದಿಲ್ಲ ನಿಜ, ಆದರೆ ಕೈಯ ಮೂರು ಆಕಾರಗಳು ರೂಢಿಯಾಗುತ್ತವೆ. ಊಟದ ಟೇಬಲ್ ಮೇಲೆ ಬೇಡ, ಮನೆಯವರು ಸುಮ್ಮನಿರುವುದಿಲ್ಲ.

ಹೆಜ್ಜೆ 4: ಜೆಂಬೆಯ ಕೆಳಗೆ ಏನಿದೆ ಕೇಳಿ

ಜೆಂಬೆ ತನ್ನ ಊರಿನಲ್ಲಿ ಒಂಟಿಯಾಗಿ ಬರುವುದು ಅಪರೂಪ. ಅದರ ಜೊತೆ ದುನುನ್ ಎಂಬ ಪೀಪಾಯಿ ಡ್ರಮ್‌ಗಳಿರುತ್ತವೆ: ದೊಡ್ಡದು ದುನುನ್ಬಾ, ನಡುವಿನದು ಸಂಗ್ಬಾನ್, ಚಿಕ್ಕದು ಕೆಂಕೆನಿ. ಎರಡೂ ಬದಿ ಹಸುವಿನ ಚರ್ಮ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಡ್ರಮ್ ಮೇಲೆ ಕಟ್ಟಿದ ಕಬ್ಬಿಣದ ಗಂಟೆ. ಇವು ಕೈ ಡ್ರಮ್ ಅಲ್ಲ, ಆದರೂ ಇಲ್ಲಿ ಹೇಳಲೇಬೇಕು. ಹಾಡಿನ ರಾಗ ಇರುವುದು ಈ ಮೂರರ ಕೆಳದನಿಯಲ್ಲಿ. ಒಂದು ತಾಳವನ್ನು ಇನ್ನೊಂದರಿಂದ ಬೇರೆ ಮಾಡುವುದು ಹೆಚ್ಚಾಗಿ ಸಂಗ್ಬಾನಿನ ನಡೆ.

ಕೇಳುವಾಗ ಕ್ರಮ ಉಲ್ಟಾ ಮಾಡಿ. ಮೇಲೆ ಮೆರೆಯುವ ಸೋಲೊ ಜೆಂಬೆಯನ್ನು ಕಿವಿಯಿಂದ ಪಕ್ಕಕ್ಕೆ ಸರಿಸಿ. ಮೊದಲು ಗಂಟೆ, ಆಮೇಲೆ ಕೆಂಕೆನಿ, ಆಮೇಲೆ ಸಂಗ್ಬಾನ್, ದುನುನ್ಬಾ. ಅಷ್ಟಾದ ಮೇಲೆ ಒಂದೇ ನಡೆಯನ್ನು ಬಿಡದೆ ನುಡಿಸುವ ಪಕ್ಕವಾದ್ಯದ ಜೆಂಬೆಗಳು. ಸೋಲೊ ಕೊನೆಗೆ. ಆಗ ಸೋಲೊ ಯಾವುದರ ಮೇಲೆ ಕಾಲಿಟ್ಟು ಹಾರುತ್ತಿದೆ ಅಂತ ತಿಳಿಯುತ್ತದೆ. ನಮ್ಮ ಡ್ರಮ್ ಸರ್ಕಲ್‌ಗಳಲ್ಲಿ ಮೂವತ್ತು ಜನ ಒಟ್ಟಿಗೆ ಜೆಂಬೆ ಬಡಿದು ಕೆಳಗೆ ಒಂದೂ ದುನುನ್ ಇಲ್ಲದಿದ್ದಾಗ ಬರುವುದು ಗದ್ದಲ. ಮಜಾ ಇರಬಹುದು, ತಾಳ ಇರುವುದಿಲ್ಲ.

ಹೆಜ್ಜೆ 5: ಘಾನಾ, ಸೆನೆಗಲ್ ಕಡೆಯವು

ಘಾನಾದ ರಾಜಧಾನಿ ಅಕ್ರಾದ ಗಾ ಜನರ ಡ್ರಮ್ ಪಾನ್‌ಲೋಗೊ. ಕ್ಯೂಬಾದ ಕಾಂಗಾ ಡ್ರಮ್ ನೋಡಿದವರಿಗೆ ಅದರ ಅಣ್ಣನ ಹಾಗೆ ಕಾಣುತ್ತದೆ. ಉದ್ದನೆಯ ಪೀಪಾಯಿ, ಮೇಲ್ತುದಿಯ ಸುತ್ತ ಓರೆಯಾಗಿ ನೆಟ್ಟ ಮರದ ಗೂಟಗಳು. ಶ್ರುತಿ ಏರಿಸಬೇಕಾದರೆ ಗೂಟಗಳನ್ನು ಎದುರುಬದುರಾಗಿ ಒಂದೊಂದಾಗಿ ತಟ್ಟಿ ಒಳಗೆ ಇಳಿಸುತ್ತಾರೆ. ಜೆಂಬೆಯ ಚೂಪು ಇದಕ್ಕಿಲ್ಲ. ಟೋನ್ ದುಂಡಗೆ, ಸ್ವಲ್ಪ ಮರಮರ ಅನ್ನುವಂತೆ ಇರುತ್ತದೆ. ಹಲವನ್ನು ಬೇರೆ ಬೇರೆ ಶ್ರುತಿಗೆ ಇಟ್ಟು ಒಟ್ಟಿಗೆ ನುಡಿಸಿದಾಗ ಒಂದು ಹಾಡೇ ಕೇಳುತ್ತದೆ. ಇದೇ ಹೆಸರಿನ ಕುಣಿತ 1960ರ ದಶಕದ ಶುರುವಿನಲ್ಲಿ ಅಕ್ರಾದ ಯುವಕರ ನಡುವೆ ಬೆಳೆದದ್ದು. ಅಂದರೆ 'ಸಾವಿರಾರು ವರ್ಷದ ಪುರಾತನ' ಎನ್ನುವ ಬೋರ್ಡು ಇದಕ್ಕೆ ಹೊಂದುವುದಿಲ್ಲ.

ಇದರ ಗಂಟೆಯ ನಡೆ ಕಲಿಯಲೇಬೇಕು. ಹದಿನಾರು ಎಣಿಕೆಯಲ್ಲಿ ಐದು ಪೆಟ್ಟು: 1, 4, 7, 11, 13. ನಮ್ಮ ಬಾಯಲ್ಲಿ ಹೇಳಿದರೆ:

ತಕಿಟ ತಕಿಟ ತಕಧಿಮಿ ತಕ ತಕಧಿಮಿ

ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕಿ. ಕಾಲಿನಲ್ಲಿ ನಾಲ್ಕು ಎಣಿಕೆಗೊಮ್ಮೆ ಹೆಜ್ಜೆ ತಟ್ಟುತ್ತಾ ಇರಿ. ಮೊದಮೊದಲು ಕಾಲು ಚಪ್ಪಾಳೆಯ ಹಿಂದೆ ಓಡುತ್ತದೆ. ಕಾಲು ನಿಂತಲ್ಲೇ ನಿಂತು, ಕೈ ಅದರ ಮೇಲೆ ಓರೆಯಾಗಿ ನಡೆದಾಗ ಈ ಸಂಗೀತದ ಬಾಗಿಲು ತೆರೆಯಿತು ಅನ್ನಿ. ಕ್ಯೂಬಾದ ಸಂಗೀತದಲ್ಲಿ ಕ್ಲಾವೆ ಅಂತ ಕರೆಯುವುದೂ ಇದೇ ನಡೆ. ಕಾಂಗಾ ಡ್ರಮ್ಮಿನ ಬೇರೂ ಮಧ್ಯ ಆಫ್ರಿಕಾದ ಕಾಂಗೊ ಸೀಮೆಯದ್ದೇ, ಗುಲಾಮರಾಗಿ ಸಾಗಿಸಲ್ಪಟ್ಟವರ ಜೊತೆ ಕಡಲು ದಾಟಿದ್ದು.

ಸೆನೆಗಲ್ಲಿನ ದಕ್ಷಿಣದ ಕಸಮಾನ್ಸ್ ಮತ್ತು ಗಾಂಬಿಯಾದಲ್ಲಿ ಜೋಲಾ ಜನ ಬೂಗರಬೂ ನುಡಿಸುತ್ತಾರೆ. ಮೂರೋ ನಾಲ್ಕೋ ಡ್ರಮ್ ಸಾಲಾಗಿ ನಿಲ್ಲಿಸಿ ಒಬ್ಬನೇ ಬಾರಿಸುವುದು. ದಪ್ಪ ಹಸುವಿನ ಚರ್ಮ, ತೆಗ್ಗಿನ ಬೆಚ್ಚಗಿನ ದನಿ, ಮಣಿಕಟ್ಟಿಗೆ ಕಟ್ಟಿದ ಗೆಜ್ಜೆ. ಗೆಜ್ಜೆ ಮತ್ತು ಕೆಳದನಿ ಒಟ್ಟಿಗೆ ಕೇಳಿದರೆ ಇದೇ.

ಸೆನೆಗಲ್ಲಿನ ಉತ್ತರಕ್ಕೆ ಬಂದರೆ ವೊಲೊಫ್ ಜನರ ಸಬಾರ್. ಒಂದು ಕೈ ಬರಿಗೈ, ಇನ್ನೊಂದರಲ್ಲಿ ತೆಳು ಕೋಲು. ಕೋಲಿನ ಸಿಡಿ, ಅಂಗೈಯ ಗುಮ್ ಎರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ, ವೇಗ ಮಾತ್ರ ಹುಚ್ಚು. ಡಕಾರಿನ ದೂದು ಎನ್‌ಜಾಯ್ ರೋಸ್ (1930–2015) ಇದರ ದೊಡ್ಡ ಹೆಸರು, ಹತ್ತಾರು ವಾದಕರನ್ನು ಒಂದೇ ಕೈಸನ್ನೆಯಲ್ಲಿ ನಡೆಸುತ್ತಿದ್ದವರು. ಹೊಸಬರು ಇದನ್ನು ಮೊದಲು ಕೇಳಿದರೆ ತಲೆ ತಿರುಗುತ್ತದೆ. ಆದ್ದರಿಂದ ನಾನಾದರೆ ಪಾನ್‌ಲೋಗೊ ಮುಗಿಸಿಯೇ ಸಬಾರಿಗೆ ಬರುತ್ತೇನೆ.

ಆಶಿಕೊ ಅಂತ ನೇರ ಶಂಕುವಿನ ಆಕಾರದ ಡ್ರಮ್ಮೂ ಅಂಗಡಿಯಲ್ಲಿ ಸಿಗುತ್ತದೆ. ನೈಜೀರಿಯಾ ಕಡೆಯ ಯೊರುಬಾ ಜನರ ಮೂಲದ್ದು. ಜೆಂಬೆಯಷ್ಟು ಆಳದ ಬೇಸ್ ಇಲ್ಲ, ಟೋನ್ ಚೆನ್ನಾಗಿದೆ. ಅಷ್ಟು ಸಾಕು.

ಹೆಜ್ಜೆ 6: ಮಾತಾಡುವ ಡ್ರಮ್

ನಡು ಸಣ್ಣ, ಎರಡು ಬದಿ ಅಗಲ. ನಮ್ಮ ಉಡುಕೆಯ ಆಕಾರವೇ, ಅಳತೆ ದೊಡ್ಡದು. ಎರಡು ಮುಖದ ಚರ್ಮವನ್ನೂ ಜೋಡಿಸುವ ತೊಗಲಿನ ದಾರಗಳು ಸುತ್ತಲೂ ಸಾಲಾಗಿ ಓಡುತ್ತವೆ. ಸೆನೆಗಲ್ಲಿನಲ್ಲಿ ಇದು ತಾಮಾ, ಹೌಸಾ ಜನರಲ್ಲಿ ಕಲಂಗು, ಘಾನಾದ ಉತ್ತರದ ದಗೊಂಬಾ ಜನರಲ್ಲಿ ಲುಂಗಾ, ಯೊರುಬಾ ಜನರಲ್ಲಿ ದುಂದುನ್ ಕುಟುಂಬ. ಆ ಕುಟುಂಬದ ಹಿರಿಯಳು ಇಯಾ ಇಲು, ತಾಯಿ ಡ್ರಮ್. ಮಾಲಿಯ ದುನುನ್‌ಗೂ ಇದಕ್ಕೂ ಸಂಬಂಧವಿಲ್ಲ, ಹುಡುಕುವಾಗ ಗೊಂದಲ ಮಾಡಿಕೊಳ್ಳಬೇಡಿ.

ಹತ್ತಿರದಿಂದ ನೋಡಿ. ವಾದಕ ಡ್ರಮ್ಮನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾನೆ. ಬಲಗೈಯಲ್ಲಿ ತುದಿ ಬಾಗಿದ ಕೋಲು. ಕೋಲು ಬೀಳುವ ಕ್ಷಣಕ್ಕೇ ತೋಳು ಒಳಕ್ಕೆ ಒತ್ತುತ್ತದೆ, ದಾರಗಳು ನಡುವಿನ ಕಡೆ ಬಾಗುತ್ತವೆ, ಎರಡೂ ಚರ್ಮ ಒಟ್ಟಿಗೆ ಬಿಗಿಯಾಗುತ್ತವೆ, ದನಿ ಮೇಲಕ್ಕೆ ಜಾರುತ್ತದೆ. ತೋಳು ಬಿಟ್ಟರೆ ಇಳಿಯುತ್ತದೆ. ಪೆಟ್ಟು ಒಂದೇ, ಆದರೆ ದನಿ ಏರಿ ಇಳಿದು ಒಂದು ಪದದ ಆಕಾರ ತಾಳುತ್ತದೆ. ಯೊರುಬಾ ಭಾಷೆಯಲ್ಲಿ ಮೇಲು, ನಡು, ಕೆಳಗು ಅಂತ ಮೂರು ಸ್ಥಾಯಿ ಇವೆ. ಒಂದೇ ಅಕ್ಷರಗಳನ್ನು ಬೇರೆ ಸ್ಥಾಯಿಯಲ್ಲಿ ಹೇಳಿದರೆ ಅರ್ಥವೇ ಬೇರೆ. ಡ್ರಮ್ ಹಿಡಿಯುವುದು ಆ ಏರಿಳಿತವನ್ನು. ಗೊತ್ತಿರುವ ಗಾದೆ, ಹೊಗಳಿಕೆಯ ಸಾಲು, ವಂಶದ ಹೆಸರು ಎಲ್ಲವನ್ನೂ ಕೇಳುಗರು ದನಿಯಿಂದಲೇ ಗುರುತಿಸುತ್ತಾರೆ. ದಗೊಂಬಾ ಸೀಮೆಯಲ್ಲಿ ಇದನ್ನು ನುಡಿಸುವ ಲುನ್ಸಿಗಳು ಅರಸು ಮನೆತನದ ಚರಿತ್ರೆಯನ್ನೇ ನೆನಪಿಟ್ಟು ಹೇಳುವವರು.

ಕೇಳಲು ಸುಲಭದ ದಾರಿ: ಸೆನೆಗಲ್ಲಿನ ಯೂಸು ಎನ್‌ದೂರ್ ಅವರ ಹಾಡುಗಳಲ್ಲಿ ನಡುನಡುವೆ ಚಿಕ್ಕದೊಂದು ಡ್ರಮ್ ತಟಪಟ ಅಂತ ಮಾತು ಹಾಕುತ್ತದೆ. ಅದು ತಾಮಾ.

ಯೊರುಬಾ ಜನರದ್ದೇ ಬಾತಾ ಡ್ರಮ್ಮೂ ಒಂದಿದೆ, ಒಂದು ಮುಖ ದೊಡ್ಡದು ಒಂದು ಚಿಕ್ಕದು. ಕ್ಯೂಬಾದಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟು ಎರಡೂ ಕೈಯಿಂದ ನುಡಿಸುತ್ತಾರೆ. ಮೃದಂಗದವರಿಗೆ ಖುಷಿಯಾಗುವ ವಿಷಯ: ಇದರ ತಾಯಿ ಡ್ರಮ್ಮಿನ ದೊಡ್ಡ ಮುಖಕ್ಕೆ ಮೇಣದಂಥ ಲೇಪ ಮೆತ್ತುತ್ತಾರೆ, ದನಿಯ ಗಲಗಲ ಕಮ್ಮಿಯಾಗಿ ತೂಕ ಬರಲಿ ಅಂತ. ಮೃದಂಗದ ಎಡಕ್ಕೆ ರವೆ ಹಚ್ಚುವ ಲೆಕ್ಕವೇ ಅಲ್ವಾ?

ಹೆಜ್ಜೆ 7: ಚರ್ಮವೇ ಇಲ್ಲದ್ದು

ನೈಜೀರಿಯಾದ ಇಗ್ಬೊ ಹೆಂಗಸರ ವಾದ್ಯ ಉದು. ಮಣ್ಣಿನ ಮಡಕೆ, ಆದರೆ ಬದಿಯಲ್ಲಿ ಇನ್ನೊಂದು ತೂತು. ಒಂದು ಅಂಗೈಯಿಂದ ಆ ತೂತನ್ನು ತಟ್ಟಿ ಮುಚ್ಚಿ ತೆಗೆದರೆ, ಬಾವಿಯಲ್ಲಿ ಕೊಡ ಮುಳುಗುವಾಗಿನ 'ಗುಳುಂ' ಬರುತ್ತದೆ. ಬೆರಳಿನಿಂದ ಮೈ ತಟ್ಟಿದರೆ ಘಟದ ಹಾಗೇ ಕಣಕಣ. ಘಟ ನುಡಿಸುವವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಕೆಳದನಿ ತಿದ್ದುತ್ತಾರೆ. ಉದುವಿನಲ್ಲಿ ಎರಡನೇ ಕೈ ಮೇಲಿನ ಬಾಯಿಗೆ ಎಷ್ಟು ಹತ್ತಿರ ಬಂತು ಅನ್ನುವುದರ ಮೇಲೆ ಸ್ವರ ಜಾರುತ್ತದೆ. ಘಟ ಬರುವವರಿಗೆ ಉದು ಬೇಗ ಒಲಿಯುತ್ತದೆ. ಜೋರಾಗಿ ಬಡಿಯುವವರ ಕೈಗೆ ಮಾತ್ರ ಕೊಡಬೇಡಿ.

ಹೆಜ್ಜೆ 8: ಪೂರ್ವಕ್ಕೆ, ಆಮೇಲೆ ಉತ್ತರಕ್ಕೆ

ಉಗಾಂಡಾದ ಬಗಾಂಡಾ ಜನರ ಮೇಳದಲ್ಲಿ ದೊಡ್ಡ ಎಂಬೂಟು ಮತ್ತು ಉದ್ದನೆಯ ಎಂಗಲಾಬಿ ಎರಡನ್ನೂ ಕೈಯಲ್ಲೇ ಬಾರಿಸುತ್ತಾರೆ. ಚಿಕ್ಕ ನಂಕಾಸಾಕ್ಕೆ ಕೋಲು. ಎಂಬೂಟುವಿನ ತಳಕ್ಕೂ ಚರ್ಮ ಮುಚ್ಚಿರುತ್ತದೆ. ಹಾಗಾಗಿ ಜೆಂಬೆಯ ಹಾಗೆ ಗಾಳಿ ಹೊರಗೆ ಬರುವ ಗುಮ್ ಇಲ್ಲ, ದನಿ ಒಳಗೇ ತುಂಬಿಕೊಂಡು ತೂಕವಾಗಿ ಕೇಳುತ್ತದೆ. ಎಂಗಲಾಬಿಗೆ ವಾಡಿಕೆಯಲ್ಲಿ ಉಡದ ಚರ್ಮ, ದನಿ ಒಣಗಿದ್ದು, ಚೂಪು. ನಮ್ಮ ಖಂಜಿರಕ್ಕೂ ಮೊದಲು ಉಡದ ಚರ್ಮವೇ ಇತ್ತು. ಭಾರತದಲ್ಲಿ ವನ್ಯಜೀವಿ ಕಾಯ್ದೆಯಡಿ ಉಡಕ್ಕೆ ರಕ್ಷಣೆ ಇದೆ. ಯಾರಾದರೂ 'ಒರಿಜಿನಲ್ ಚರ್ಮ' ಅಂತ ಮಾರಲು ಬಂದರೆ ಕೈ ಮುಗಿದು ಬನ್ನಿ.

ಇಥಿಯೋಪಿಯಾದ ಕೆಬೆರೊ ಎರಡು ಮುಖದ ಡ್ರಮ್, ಒಂದು ಬದಿ ದೊಡ್ಡದು. ಕೊರಳಿಗೆ ನೇತುಹಾಕಿ ಎರಡೂ ಬದಿ ಕೈಯಲ್ಲಿ ಬಡಿಯುತ್ತಾರೆ. ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಪೂಜೆಯಲ್ಲಿ ಇದರ ನಿಧಾನದ ಗಂಭೀರ ಪೆಟ್ಟಿನ ಜೊತೆ ಲೋಹದ ಗಿಲಕಿ ಸೇರುತ್ತದೆ. ಜನವರಿಯ ತಿಮ್ಕೆತ್ ಹಬ್ಬದ ಮೆರವಣಿಗೆಯ ವಿಡಿಯೋ ನೋಡಿದರೆ ಪಾದ್ರಿಗಳು ಡ್ರಮ್ಮಿನ ಜೊತೆ ಹೆಜ್ಜೆ ಹಾಕುವುದು ಕಾಣುತ್ತದೆ.

ಉತ್ತರ ಆಫ್ರಿಕಾ ಪೂರ್ತಿ ಬೇರೆ ಲೋಕ. ಈಜಿಪ್ಟಿನ ದರ್ಬುಕಾ ಕೂಡ ಬಟ್ಟಲಿನ ಆಕಾರದ್ದೇ, ಆದರೆ ಚಿಕ್ಕದು. ತೊಡೆಯ ಮೇಲೆ ಅಡ್ಡ ಮಲಗಿಸಿ ಬೆರಳಿನಲ್ಲಿ ನುಡಿಸುತ್ತಾರೆ. ಹಿಂದೆ ಮಣ್ಣಿನ ಒಡಲು, ಮೀನಿನ ಚರ್ಮ. ಈಗ ಹೆಚ್ಚಾಗಿ ಅಲ್ಯೂಮಿನಿಯಂ, ಪ್ಲಾಸ್ಟಿಕ್. ಮಧ್ಯದಲ್ಲಿ 'ದುಮ್', ಅಂಚಿನಲ್ಲಿ ಬಲಗೈ 'ತೆಕ್', ಎಡಗೈ 'ಕ'. ಎಂಟು ಎಣಿಕೆಯ ಮಕ್ಸೂಮ್ ತಾಳ ಹೀಗೆ:

ದುಮ್ ತೆಕ್ – ತೆಕ್ ದುಮ್ – ತೆಕ್ –

ಇಲ್ಲಿ ಅಂಗೈಗಿಂತ ಬೆರಳಿಗೆ ಕೆಲಸ ಜಾಸ್ತಿ. ತಬಲಾದವರು ನಗುತ್ತಾ ಕಲಿಯುತ್ತಾರೆ. ಈಜಿಪ್ಟಿನಲ್ಲಿ ಈ ಡ್ರಮ್ಮಿಗೆ ತಬಲಾ ಅಂತಲೇ ಹೇಳುವುದರಿಂದ ಹುಡುಕುವಾಗ ದೇಶದ ಹೆಸರನ್ನೂ ಸೇರಿಸಿ.

ಮೊರಾಕೊ, ಅಲ್ಜೀರಿಯಾ ಕಡೆಯ ಬೆಂದೀರ್ ನೋಡಲು ತಮಟೆಯ ಹಾಗೆ ಒಂದು ಚೌಕಟ್ಟು, ಒಂದು ಚರ್ಮ. ಚೌಕಟ್ಟಿನಲ್ಲಿ ಹೆಬ್ಬೆರಳು ತೂರಿಸಲು ತೂತು. ಗುಟ್ಟು ಹಿಂದೆ ಇದೆ: ಚರ್ಮಕ್ಕೆ ತಾಗುವಂತೆ ಕರುಳಿನ ತಂತಿ ಕಟ್ಟಿರುತ್ತಾರೆ. ಪ್ರತಿ ಪೆಟ್ಟಿಗೂ ಜರ್ರ್. ಮೊದಲನೇ ಹೆಜ್ಜೆಯಲ್ಲಿ ಹೇಳಿದ ಜರ್ರ್ ಕೇಳಲು ಇದಕ್ಕಿಂತ ಒಳ್ಳೆಯ ವಾದ್ಯ ಇಲ್ಲ.

ಆಫ್ರಿಕಾದ ತನಕ ಹೋಗದೆ ಕೇಳಬೇಕೆಂದರೆ ಉತ್ತರ ಕನ್ನಡವಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರ ದಮಾಮ್ ಕುಣಿತದ ಡ್ರಮ್ ಈಗ ನಾಡಿನ ಜಾನಪದ ಮೇಳಗಳಲ್ಲೂ ಕಾಣುತ್ತದೆ. ಅದನ್ನು ಜೆಂಬೆಯ ತಮ್ಮ ಅಂತ ಕರೆಯುವುದು ತಪ್ಪು. ಈ ಕಾಡಿನ, ಈ ಊರುಗಳ ವಾದ್ಯವಾಗಿ ಅದು ಬೆಳೆದಿದೆ. ಮೇಲಿನ ನಾಲ್ಕು ಪ್ರಶ್ನೆ ಇಟ್ಟುಕೊಂಡು ಅದನ್ನೂ ಕೇಳಿ.

ಹೆಜ್ಜೆ 9: ಕೊಳ್ಳುವಾಗ

ಮೊದಲ ಡ್ರಮ್ ಜೆಂಬೆಯೇ ಇರಲಿ. ಕಲಿಸುವವರು ಸಿಗುತ್ತಾರೆ, ಚರ್ಮ ಹರಿದರೆ ಹಾಕಿಸಬಹುದು. ಆದರೆ ಬಣ್ಣ ಬಳಿದು ಹಲ್ಲಿ, ಆನೆ ಚಿತ್ರ ಬರೆದ ಎಂಟು ಇಂಚಿನದ್ದು ಶೋಕೇಸಿಗೆ ಸರಿ, ಕಲಿಯಲು ಅಲ್ಲ. ಅದರಲ್ಲಿ ಬೇಸ್ ಬರುವಷ್ಟು ಒಡಲೇ ಇರುವುದಿಲ್ಲ. ದೊಡ್ಡವರಿಗೆ ಮೇಲ್ಭಾಗದ ಅಗಲ 12 ಇಂಚು, ಸಾಧ್ಯವಾದರೆ 13.

ಅಂಗಡಿಯಲ್ಲಿ ಡ್ರಮ್ಮನ್ನು ಬೆಳಕಿಗೆ ಹಿಡಿದು ಕೆಳಗಿನಿಂದ ಒಳಗೆ ನೋಡಿ. ಬಿರುಕಿನಿಂದ ಬೆಳಕು ತೂರುತ್ತಿದ್ದರೆ ವಾಪಸ್ ಇಡಿ. ಚರ್ಮದ ನಡುವೆ ಆಡಿನ ಬೆನ್ನಿನ ಗೆರೆ ಕಾಣುತ್ತದೆ, ಅದು ಮಧ್ಯದಲ್ಲೇ ಹಾದುಹೋಗಬೇಕು. ಆಚೆ ಈಚೆ ಟೋನ್ ಹೊಡೆದು ನೋಡಿ, ಎರಡೂ ಕಡೆ ಸುಮಾರು ಒಂದೇ ಸ್ವರ ಬರಬೇಕು. ಅಂಚನ್ನು ಬೆರಳಿನಿಂದ ಸವರಿ. ದುಂಡಗಿದ್ದರೆ ಸರಿ, ಚೂಪಾಗಿದ್ದರೆ ತಿಂಗಳೊಳಗೆ ಕೈ ಹೇಳುತ್ತದೆ. ಕೊನೆಗೆ ಮೂರು ದನಿಯೂ ಬೇರೆ ಬೇರೆ ಕೇಳುತ್ತದಾ ನೋಡಿ. ನಿಮಗೆ ಬರದಿದ್ದರೆ ಅಂಗಡಿಯವರನ್ನೇ ಹೊಡೆಯಲು ಹೇಳಿ, ನೀವು ದೂರ ನಿಂತು ಕೇಳಿ.

ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಇರುವವರಿಗೆ ನನ್ನ ಸಲಹೆ ಬೇರೆ. ಅಲ್ಲಿನ ಮಳೆಗಾಲದಲ್ಲಿ ಆಡಿನ ಚರ್ಮ ತೇವ ಕುಡಿದು ಸಡಿಲವಾಗುತ್ತದೆ. ನಾಲ್ಕು ತಿಂಗಳು ಸ್ಲ್ಯಾಪ್ ಮರೆತುಬಿಡಬೇಕು. ಅಂಥ ಕಡೆ ಸಿಂಥೆಟಿಕ್ ಮುಚ್ಚಿಗೆ, ಬೋಲ್ಟಿನಲ್ಲಿ ಶ್ರುತಿ ಮಾಡುವ ಜೆಂಬೆ ತೆಗೆದುಕೊಂಡರೆ ನಾಚಿಕೆ ಪಡಬೇಕಿಲ್ಲ. ದನಿಯಲ್ಲಿ ಸ್ವಲ್ಪ ಪ್ಲಾಸ್ಟಿಕ್ ಇರುತ್ತದೆ. ಆದರೆ ನುಡಿಸದೆ ಮೂಲೆಯಲ್ಲಿ ಬೂಸಲು ಹಿಡಿಯುವ ಚರ್ಮಕ್ಕಿಂತ ಅದು ವಾಸಿ.

ಹೆಜ್ಜೆ 10: ಶ್ರುತಿ ಮತ್ತು ಆರೈಕೆ

ಟೋನಿಗೂ ಸ್ಲ್ಯಾಪಿಗೂ ವ್ಯತ್ಯಾಸ ಕಮ್ಮಿಯಾಗುತ್ತಾ ಬಂದರೆ ಬಿಗಿ ಮಾಡುವ ಹೊತ್ತು ಬಂತು. ಜೆಂಬೆಯ ಸುತ್ತ ನಿಂತ ಹಗ್ಗಗಳಿವೆ. ಉಳಿದ ಹಗ್ಗದ ತುದಿಯನ್ನು ಪಕ್ಕಪಕ್ಕದ ಎರಡು ಹಗ್ಗಗಳಲ್ಲಿ ಹೆಣೆದು ಬಲವಾಗಿ ಎಳೆದರೆ ಅವೆರಡೂ ಒಂದನ್ನೊಂದು ದಾಟಿ ಓರೆಯಾಗುತ್ತವೆ, ವಜ್ರದ ಆಕಾರದ ಗಂಟು ಬೀಳುತ್ತದೆ. ಹೀಗೆ ಸಾಲಾಗಿ ಹೋಗುತ್ತಾ ಹೋದಂತೆ ಶ್ರುತಿ ಏರುತ್ತದೆ. ಒಂದೇ ದಿನಕ್ಕೆ ತುಂಬಾ ಎಳೆಯಬೇಡಿ. ನಾಲ್ಕೈದು ಗಂಟು ಹಾಕಿ, ನುಡಿಸಿ ನೋಡಿ, ಮರುದಿನ ಮತ್ತೆ ನೋಡಿ. ಚರ್ಮ ಒದ್ದೆ ಹವೆಯಲ್ಲಿ ಸಡಿಲಾಗಿದ್ದಾಗ ಎಳೆದು ಬಿಗಿ ಮಾಡಿದರೆ, ಬಿಸಿಲು ಬಂದ ದಿನ ಅದು ಪಟ್ ಅಂತ ಹರಿಯಬಹುದು. ಮಳೆಗಾಲದಲ್ಲಿ ಹಗ್ಗದ ತಂಟೆಗೆ ಹೋಗದಿರುವುದೇ ಜಾಣತನ.

ನುಡಿಸುವ ಮೊದಲು ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಇಡಬಹುದು. ಕಾರಿನೊಳಗೆ ಬಿಟ್ಟು ಹೋಗಬೇಡಿ. ಬೆಂಕಿಗೆ ಹಿಡಿಯುವುದು ಅನುಭವಿಗಳ ಕೆಲಸ. ಚರ್ಮಕ್ಕೆ ಎಣ್ಣೆ ಹಚ್ಚಬೇಡಿ, ದನಿ ಮಂಕಾಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಶಿಯಾ ಎಂಬ ಮರದ ಬೀಜದ ಬೆಣ್ಣೆ ಸವರುವುದು ಮರದ ಒಡಲಿಗೆ.

ಚರ್ಮ ಹರಿದರೆ ಮೃದಂಗ, ತಬಲಾ ರಿಪೇರಿಯವರ ಬಳಿ ಕೇಳಬಹುದು. ಆಡಿನ ಚರ್ಮದ ಹದ ಅವರಿಗೆ ಗೊತ್ತು. ಆದರೆ ಜೆಂಬೆಯಲ್ಲಿ ಚರ್ಮ ಎರಡು ಕಬ್ಬಿಣದ ಬಳೆಗಳ ನಡುವೆ ಸಿಕ್ಕಿ ಕೂರುತ್ತದೆ, ಮೂರನೇ ಬಳೆ ಕೆಳಗೆ ಸೊಂಟದಲ್ಲಿ ಹಗ್ಗ ಹಿಡಿಯುತ್ತದೆ. ಈ ಲೆಕ್ಕ ಮೃದಂಗದ್ದಲ್ಲ. ಹಿಂದೆ ಜೆಂಬೆ ಕಟ್ಟಿದ್ದೀರಾ ಅಂತ ಕೇಳಿಯೇ ಕೊಡಿ. ಹಳೆಯ ಹಗ್ಗ ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.